ಕೈ ಪಳಗಿದರೆ ಚಿತ್ರ



ನಾವು ಮೊದಲ ಸಲ ಸ್ಲೇಟು ಹಿಡಿದ ದಿನ ನೆನಪಿದೆಯೇ? 'ರ' ಬರೆಯಲು ಹೋದರೆ ಸೊನ್ನೆ ಆಗುತ್ತಿತ್ತು. ಒತ್ತಿ ಬರೆದರೆ ಬಳಪ ಮುರಿಯುತ್ತಿತ್ತು. "ಕುಡುಗೋಲು ಹಿಡಿದ ಕೈ ಇದು. ಇದಕ್ಕೆ ಅಕ್ಷರ ಎಲ್ಲಿ ಬರುತ್ತೆ?" ಅಂದುಕೊಂಡೆವು. ಇವತ್ತು ಈ ಪುಸ್ತಕ ಓದುತ್ತಿದ್ದೇವೆ. ನಮ್ಮ ಹೆಸರನ್ನು ನಾವೇ ಬರೆಯುತ್ತೇವೆ. ಇದು ಹೇಗಾಯಿತು? ದಿನಾ ಬರೆದೆವು. ಕೈ ಪಳಗಿತು.

ಚಿತ್ರ ಬರೆಯುವುದೂ ಹಾಗೆಯೇ.

"ಅಯ್ಯೋ, ಚಿತ್ರ ಅನ್ನೋದು ದೇವರು ಕೊಟ್ಟ ವರ. ನಮಗೆಲ್ಲಿ ಬರುತ್ತೆ?" ಎಂದು ಹಲವರು ಹೇಳುತ್ತಾರೆ. ಒಬ್ಬರಿಗೆ ಬೇಗ ಬರಬಹುದು. ಇನ್ನೊಬ್ಬರಿಗೆ ತಡವಾಗಿ ಬರಬಹುದು. ಆದರೆ ಅಭ್ಯಾಸ ಇಲ್ಲದೆ ಯಾರಿಗೂ ಬರುವುದಿಲ್ಲ. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಬರೀತಾ ಬರೀತಾ ಚಿತ್ರ.

ನಮ್ಮ ಅಂಗಳದ ಪಾಠ

ಬೆಳಗಾಗೆದ್ದು ನಾವು ಬಾಗಿಲಿಗೆ ನೀರು ಹಾಕುತ್ತೇವೆ. ಚುಕ್ಕಿ ಇಟ್ಟು ರಂಗೋಲಿ ಬಿಡುತ್ತೇವೆ. ಇದನ್ನು ನಮಗೆ ಯಾವ ಶಾಲೆ ಕಲಿಸಿತು? ಅಮ್ಮ ಬಿಡುವುದನ್ನು ನೋಡಿದೆವು. ಹಿತ್ತಲಲ್ಲಿ ಬಿಟ್ಟು ಅಳಿಸಿದೆವು. ಮೊದಮೊದಲು ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಈಗ ಎರಡು ಬೆರಳಿನ ನಡುವೆ ಪುಡಿ ಹದವಾಗಿ ಇಳಿಯುತ್ತದೆ. ಕಣ್ಣು ಮುಂದಿನ ಚುಕ್ಕಿ ನೋಡುತ್ತದೆ. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಚಿತ್ರಕಲೆ ಕಲಿಯುವ ವಿದ್ಯಾರ್ಥಿಗೂ ಮೊದಲು ಬೇಕಾದ್ದು ಇದೇ. ನೋಡುವ ಕಣ್ಣು, ಕಣ್ಣಿನ ಮಾತು ಕೇಳುವ ಕೈ.

ನಮ್ಮ ಪಕ್ಕದ ಊರಿನವರು

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ರಾಜಾನುಕುಂಟೆ ಇದೆ. ಅದೇ ದಾರಿಯಲ್ಲಿ ಮುಂದೆ ಹೋದರೆ ದೊಡ್ಡಬಳ್ಳಾಪುರ. ಆ ಊರಿನಲ್ಲಿ 1910ರಲ್ಲಿ ಒಬ್ಬರು ಹುಟ್ಟಿದರು. ಅವರ ಹೆಸರು ರುಮಾಲೆ ಚನ್ನಬಸವಯ್ಯ.

ಚಿಕ್ಕ ವಯಸ್ಸಿನಲ್ಲಿ ಅವರು ಚಿತ್ರಕಲೆ ಕಲಿಯತೊಡಗಿದರು. ಅಷ್ಟರಲ್ಲಿ ಗಾಂಧೀಜಿಯವರ ಕರೆ ಬಂತು. ಕುಂಚ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. ಜೈಲಿಗೂ ಹೋದರು. ಆಮೇಲೆ ಪತ್ರಿಕೆಯ ಕೆಲಸ, ಊರ ಕೆಲಸ. ಹೀಗೆ ಬಹಳ ವರ್ಷ ಕಳೆದವು. ಐವತ್ತು ದಾಟಿದ ಮೇಲೆ ಅವರು ಮತ್ತೆ ಪೂರ್ತಿಯಾಗಿ ಚಿತ್ರಕ್ಕೆ ಕೂತರು. ಮರದ ಮುಂದೆಯೇ ಹೋಗಿ ನಿಂತು, ನೋಡಿ ನೋಡಿ ಬರೆದರು. ಬೆಂಗಳೂರಿನ ಹೂ ಬಿಟ್ಟ ಮರಗಳು ಅವರ ಚಿತ್ರಗಳಲ್ಲಿ ಇಂದಿಗೂ ಅರಳಿ ನಿಂತಿವೆ. 1988ರಲ್ಲಿ ಅವರು ತೀರಿಕೊಂಡರು. ಅವರ ಚಿತ್ರಗಳು ಉಳಿದವು.

ಐವತ್ತು ದಾಟಿದವರ ಕೈ ಮತ್ತೆ ಪಳಗಿತು. ಹಾಗಾದರೆ "ನಮಗೆ ವಯಸ್ಸಾಯಿತು" ಎಂದು ನಾವು ಹೇಳಬಹುದೇ?

ಅಭ್ಯಾಸ ಹೇಗೆ?

ಬೆಲೆಬಾಳುವ ಬಣ್ಣ ಬೇಡ. ಒಂದು ಪೆನ್ಸಿಲ್ ಸಾಕು. ಒಲೆಯ ಇದ್ದಿಲ ತುಂಡೂ ಆಗುತ್ತದೆ. ಒಂದು ಮಗ್ಗುಲು ಖಾಲಿ ಇರುವ ಹಳೆಯ ಕಾಗದ ಇದ್ದರೆ ಆಯಿತು.

ಒಂದು ಚೊಂಬನ್ನು ಎದುರಿಗೆ ಇಡೋಣ. ಅದರ ಬಾಯಿ ಗುಂಡಗಿದೆ ಎಂದು ನಮಗೆ ಗೊತ್ತು. ಆದ್ದರಿಂದ ಗುಂಡಗೆ ಬರೆದುಬಿಡುತ್ತೇವೆ. ಅಲ್ಲೇ ತಪ್ಪಾಗುವುದು. ಸ್ವಲ್ಪ ದೂರ ಕೂತು ಸರಿಯಾಗಿ ನೋಡಿ. ಬಾಯಿ ಮೊಟ್ಟೆಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಕಂಡ ಹಾಗೆ ಬರೆಯಬೇಕು. ಚಿತ್ರಕಲೆಯ ದೊಡ್ಡ ಪಾಠ ಇದು.

ಕಿಟಕಿಯ ಕಡೆ ಚೊಂಬು ಹೊಳೆಯುತ್ತದೆ. ಆ ಕಡೆ ಕಾಗದವನ್ನು ಬೆಳ್ಳಗೆ ಬಿಡಬೇಕು. ಇನ್ನೊಂದು ಕಡೆ ನೆರಳು. ಅಲ್ಲಿ ಪೆನ್ಸಿಲ್ ತಿಕ್ಕಿ ಕಪ್ಪು ಮಾಡಬೇಕು. ಆಗ ಚೊಂಬು ಉಬ್ಬಿಕೊಂಡು ಕಾಣುತ್ತದೆ.

ಹೊರಗಿನ ಹೊಂಗೆ ಮರ ಬರೆಯಬೇಕೇ? ಕೈಯನ್ನು ನೇರ ಚಾಚಿ ಪೆನ್ಸಿಲ್ ಹಿಡಿಯಿರಿ. ಒಂದು ಕಣ್ಣು ಮುಚ್ಚಿ. ಕಾಂಡ ಎಷ್ಟು ಉದ್ದ, ಮೇಲಿನ ಕೊಂಬೆ ಅದರ ಎಷ್ಟರಷ್ಟು ಎಂದು ಪೆನ್ಸಿಲಿನಲ್ಲೇ ಅಳೆಯಿರಿ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು.

ಆಮೇಲೆ ಬಣ್ಣ. ಹಳದಿಗೆ ನೀಲಿ ಸೇರಿದರೆ ಹಸಿರು. ಹಳದಿಗೆ ಕೆಂಪು ಸೇರಿದರೆ ಕಿತ್ತಳೆ. ನೀರಿನ ಬಣ್ಣದಲ್ಲಿ ಮೊದಲು ತಿಳಿ, ಆಮೇಲೆ ಗಾಢ. ಮೊದಲೇ ಗಾಢ ಹಚ್ಚಿದರೆ ತಿಳಿ ಮಾಡುವುದು ಕಷ್ಟ. ಸಾರಿಗೆ ಉಪ್ಪು ಹಾಕಿದ ಹಾಗೆ, ಸ್ವಲ್ಪ ಸ್ವಲ್ಪವೇ ಹಾಕಬೇಕು.

ಅದೇ ಚೊಂಬನ್ನು ಇಪ್ಪತ್ತು ದಿನ ಬರೆಯಿರಿ. ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ. ಯಾವುದನ್ನೂ ಹರಿಯಬೇಡಿ. ಮೊದಲನೆಯದನ್ನೂ ಕೊನೆಯದನ್ನೂ ಪಕ್ಕದಲ್ಲಿಟ್ಟು ನೋಡಿ. ಯಾರೂ ಹೇಳುವುದು ಬೇಡ. ನಿಮಗೇ ತಿಳಿಯುತ್ತದೆ.

ಮಗಳು ಚಿತ್ರ ಬರೆದರೆ

ಮಗಳು ಚಿತ್ರ ಬರೆಯುತ್ತಾ ಕೂತರೆ ನಾವು ಏನು ಹೇಳುತ್ತೇವೆ? "ಗೀಚಿದ್ದು ಸಾಕು, ಏಳೇ. ಇದರಿಂದ ಹೊಟ್ಟೆ ತುಂಬತ್ತಾ?" ಎನ್ನುತ್ತೇವೆ. ಒಮ್ಮೊಮ್ಮೆ ಹಾಳೆ ಕಿತ್ತು ಒಲೆಗೂ ಹಾಕುತ್ತೇವೆ. ಹೊಟ್ಟೆಯ ಚಿಂತೆ ಸುಳ್ಳಲ್ಲ. ಚಿತ್ರ ಬರೆದವರೆಲ್ಲ ಹಣ ಕಾಣುವುದಿಲ್ಲ. ಆದರೆ ಅದರಲ್ಲಿ ಕೆಲಸವೇ ಇಲ್ಲ ಅನ್ನುವುದೂ ನಿಜವಲ್ಲ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ಸೀರೆ ಆಗುತ್ತದಲ್ಲ, ಅದರ ಅಂಚಿನ ಹೂಬಳ್ಳಿಯನ್ನು ಮೊದಲು ಯಾರೋ ಚಿತ್ರವಾಗಿ ಬಿಡಿಸಿರಬೇಕು. ಶಾಲೆಗೆ ಡ್ರಾಯಿಂಗ್ ಮೇಷ್ಟ್ರು ಬೇಕು. ಪುಸ್ತಕಕ್ಕೆ ಚಿತ್ರ ಬೇಕು.

ಕಲಿಯಲು ದಾರಿಯೂ ಇದೆ. ನಮ್ಮ ರಾಜ್ಯದಲ್ಲಿ ಚಿತ್ರಕಲೆಗೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎಂಬ ಪರೀಕ್ಷೆಗಳಿವೆ. ಅವುಗಳ ವಿಚಾರ ಶಾಲೆಯಲ್ಲಿ ಕೇಳಬಹುದು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. ಅಲ್ಲಿ ಚಿತ್ರಕಲೆಯ ಕಾಲೇಜು ಇದೆ. 2003ರಿಂದ ಅಲ್ಲಿ ಚಿತ್ರಸಂತೆಯೂ ನಡೆಯುತ್ತಾ ಬಂದಿದೆ. ಸಂತೆಯಲ್ಲಿ ಸೊಪ್ಪು, ತರಕಾರಿ ಮಾರುವ ಹಾಗೆ ರಸ್ತೆಯ ಬದಿಯಲ್ಲೇ ಚಿತ್ರ ಇಟ್ಟು ಮಾರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬರೋಣ.

ಅದಕ್ಕಿಂತ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಈ ಸಂಜೆ ಮಗಳು ಚಿತ್ರ ಬರೆಯಲು ಕೂತಾಗ ಪಕ್ಕದಲ್ಲಿ ಕೂರೋಣ. "ನನಗೂ ಒಂದು ಹಾಳೆ ಕೊಡವ್ವ" ಎಂದು ಕೇಳೋಣ. ಚೊಂಬನ್ನು ನಡುವೆ ಇಡೋಣ. ಇಬ್ಬರೂ ಬರೆಯೋಣ. ಮೊದಲ ದಿನ ನಮ್ಮ ಚೊಂಬು ಸೊಟ್ಟಗಾಗುತ್ತದೆ. ಆಗಲಿ ಬಿಡಿ. ಮೊದಲ ದಿನ ನಮ್ಮ 'ರ' ಕೂಡ ಸೊಟ್ಟಗೇ ಇತ್ತು.