ಆಯಾಸ ಅಂದರೆ ಸುಸ್ತೋ, ಏದುಸಿರೋ?
ನರ್ಸಿಂಗ್ ಮೊದಲ ವರ್ಷದ ಪರೀಕ್ಷೆ ಮತ್ತು ನಮ್ಮ ಕನ್ನಡ ಮಾಧ್ಯಮದ ಮಕ್ಕಳು

ಗುಮ್ಮಘಟ್ಟ: ರೋಗಿ ತೆಲುಗಿನಲ್ಲಿ ‘ಆಯಾಸಂಗಾ ಉಂದಮ್ಮಾ’ ಅನ್ನುತ್ತಾನೆ. ಕನ್ನಡ ಮಾತ್ರ ಬಲ್ಲ ನರ್ಸ್ ಅದನ್ನು ಕೇಳಿ, ಪಾಪ ಸುಸ್ತಾಗಿದೆ, ಸ್ವಲ್ಪ ಹೊತ್ತು ಮಲಗಲಿ ಅಂದುಕೊಂಡರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಆಯಾಸ ಎಂದರೆ ದಣಿವೇ ತಾನೆ. ಆದರೆ ತೆಲುಗಿನವರು ಆಸ್ಪತ್ರೆಯಲ್ಲಿ ಆ ಮಾತು ಆಡಿದರೆ ಹೆಚ್ಚಿನ ಸಲ ಅದರ ಅರ್ಥ ಏದುಸಿರು, ಉಸಿರು ಸಾಲುತ್ತಿಲ್ಲ ಎಂದು. ಅಂಥವನನ್ನು ಅಂಗಾತ ಮಲಗಿಸುವುದು ಅವನಿಗೆ ಬೇಕಾದುದಕ್ಕೆ ತೀರಾ ವಿರುದ್ಧ. ಎತ್ತಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಬೇಕು.

ನಮ್ಮ ಗುಮ್ಮಘಟ್ಟ, ರಾಯದುರ್ಗ, ಮಡಕಶಿರಾ ಕಡೆಯ ಮಕ್ಕಳಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ, ಬಸ್ಸಿನಲ್ಲಿ, ಮಂಡಲ ಕಚೇರಿಯಲ್ಲಿ ತೆಲುಗು. ‘ಕಳ್ಳು ತಿರುಗುತುನ್ನಾಯಿ’ ಅಂದರೆ ಕಣ್ಣಿನ ತೊಂದರೆಯಲ್ಲ, ನಾವು ತಲೆಸುತ್ತು ಅನ್ನುವುದು ಎಂದು ಐದನೇ ತರಗತಿಯ ಹುಡುಗಿಗೂ ಗೊತ್ತು. ಆದರೂ ಮಗಳು ನರ್ಸಿಂಗ್ ಓದುತ್ತೇನೆ ಅಂದಾಗ ಮನೆಯವರ ಮೊದಲ ಮಾತು ಒಂದೇ: ‘ಕನ್ನಡದಲ್ಲಿ ಓದಿದವಳು, ಅಲ್ಲಿ ಎಲ್ಲ ಇಂಗ್ಲಿಷು, ಹೇಗೆ ಪಾಸಾಗುತ್ತಾಳೆ?’

ಈ ಅಂಜಿಕೆಯಲ್ಲಿ ಅರ್ಧ ನಿಜವಿದೆ. ನರ್ಸಿಂಗ್ ಪಾಠ, ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲೇ. ಮೂರು ವರ್ಷದ ಜಿಎನ್‌ಎಂ ಇರಲಿ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇರಲಿ, ಮೊದಲ ವರ್ಷದಲ್ಲೇ ‘ನರ್ಸಿಂಗ್ ಫೌಂಡೇಷನ್ಸ್’ ಎಂಬ ಪಾಠ ಎದುರಾಗುತ್ತದೆ. ಹಳಬರು ಅದನ್ನು ಫಂಡಮೆಂಟಲ್ಸ್ ಅನ್ನುತ್ತಾರೆ. ಶುಶ್ರೂಷೆಯ ಅಡಿಪಾಯ ಅದು. ಹೆಸರು ಕೇಳಿ ಹೆದರುವ ಮಕ್ಕಳಿದ್ದಾರೆ. ನನ್ನ ಮಟ್ಟಿಗೆ, ಇಡೀ ಕೋರ್ಸಿನಲ್ಲಿ ಕನ್ನಡ ಮಾಧ್ಯಮದ ಮಗುವಿಗೆ ಅತಿ ಹತ್ತಿರದ ವಿಷಯ ಇದೇ. ಅದರ ಒಳಗೆ ಇರುವುದೇನು ನೋಡಿ: ಕೈ ತೊಳೆಯುವುದು, ಹಾಸಿಗೆ ಹಾಸುವುದು, ಮಲಗಿದವರ ಮೈ ಒರೆಸುವುದು, ಊಟ ಮಾಡಿಸುವುದು, ಜ್ವರ ನೋಡುವುದು, ನಾಡಿ ಎಣಿಸುವುದು, ಮಗ್ಗುಲು ಬದಲಿಸುವುದು, ಔಷಧಿ ಕೊಡುವುದು, ಕೊಟ್ಟದ್ದನ್ನು ಬರೆದಿಡುವುದು. ಹಾಸಿಗೆ ಹಿಡಿದ ಅಜ್ಜಿ ಇದ್ದ ಮನೆಯ ಮಕ್ಕಳು ಇದರಲ್ಲಿ ಅರ್ಧವನ್ನು ಕಣ್ಣಾರೆ ಕಂಡಿರುತ್ತಾರೆ.

ಆದರೆ ಕಂಡದ್ದೆಲ್ಲ ಸರಿ ಎಂದಲ್ಲ. ಮಲಗಿದಲ್ಲೇ ಮಲಗಿದವರ ಬೆನ್ನು ಕೆಂಪಾದರೆ ಅಲ್ಲಿ ಚೆನ್ನಾಗಿ ತಿಕ್ಕುವುದು ನಮ್ಮ ಮನೆಗಳ ರೂಢಿ. ಸ್ಪಿರಿಟ್ ಹಚ್ಚಿ ತಿಕ್ಕಿ ಎಂದು ಹಳೆಯ ನೋಟ್ಸುಗಳಲ್ಲೂ ಇರುತ್ತಿತ್ತು. ಈಗ ಹಾಗೆ ಕಲಿಸುವುದಿಲ್ಲ. ಮೂಳೆ ಒತ್ತುವ ಜಾಗದ ಚರ್ಮಕ್ಕೆ ರಕ್ತ ಹೋಗದೆ ಅದು ಕೆಂಪಾಗಿರುತ್ತದೆ. ತಿಕ್ಕಿದರೆ ಒಳಗಿನ ಅಂಗಾಂಶ ಇನ್ನಷ್ಟು ಹಾಳಾಗುತ್ತದೆ. ಮಾಡಬೇಕಾದ್ದು ಒತ್ತಡ ತಪ್ಪಿಸುವುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಾಸಿಗೆ ಒದ್ದೆಯಾಗದಂತೆ, ಬಟ್ಟೆ ಸುಕ್ಕಾಗದಂತೆ ನೋಡುವುದು, ಹಿಮ್ಮಡಿ, ಸೊಂಟದ ಹಿಂಭಾಗ, ಹೆಗಲ ಮೂಳೆ, ತಲೆಯ ಹಿಂಭಾಗ ಇವನ್ನು ದಿನವೂ ಪರೀಕ್ಷಿಸುವುದು. ಪರೀಕ್ಷೆಯಲ್ಲಿ ‘ಪ್ರೆಷರ್ ಅಲ್ಸರ್ ತಡೆಯುವುದು ಹೇಗೆ’ ಎಂದು ಕೇಳಿದರೆ ಉತ್ತರ ಇಷ್ಟೇ. ಕಾರಣ ಗೊತ್ತಿರುವ ಹುಡುಗಿಗೆ ಇದನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ನಾಡಿ ಎಣಿಸುವುದೂ ಹಾಗೆಯೇ. ಮಣಿಕಟ್ಟಿನ ಮೇಲೆ ಹೆಬ್ಬೆರಳಿಡಬಾರದು, ಏಕೆಂದರೆ ಹೆಬ್ಬೆರಳಲ್ಲೂ ನಾಡಿ ಬಡಿಯುತ್ತದೆ. ರೋಗಿಯದೆಂದು ತನ್ನದನ್ನೇ ಎಣಿಸಿಬಿಟ್ಟಾಳು. ತೋರುಬೆರಳು, ನಡುಬೆರಳು ಇಡಬೇಕು. ದೊಡ್ಡವರಲ್ಲಿ ನಿಮಿಷಕ್ಕೆ 60ರಿಂದ 100. ಬಡಿತ ಏರುಪೇರಾಗಿದ್ದರೆ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವಂತಿಲ್ಲ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಉಸಿರು 12ರಿಂದ 20. ‘ನಿಮ್ಮ ಉಸಿರು ಎಣಿಸುತ್ತೇನೆ’ ಎಂದು ಹೇಳಿದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ. ಅದಕ್ಕೇ ನಾಡಿ ಎಣಿಸಿ ಮುಗಿದ ಮೇಲೂ ಕೈ ಹಿಡಿದುಕೊಂಡೇ ಇದ್ದು ಎದೆಯ ಏರಿಳಿತ ನೋಡಿ ಎಣಿಸುವುದು. ಬಿಸಿ ಟೀ ಕುಡಿದ ಕೂಡಲೇ ಬಾಯಿಯ ಉಷ್ಣತೆ ನೋಡಬಾರದು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಕ್ಸಾಮಿನರ್ ಕೇಳುವುದು ಇಂಥ ‘ಯಾಕೆ’ಗಳನ್ನೇ.

ರೋಗಿಯ ಮಾತು ರೋಗಿಯದೇ ಆಗಿರಬೇಕು

ಮೊದಲ ವರ್ಷದ ಪುಸ್ತಕದ ಬೆನ್ನೆಲುಬು ‘ನರ್ಸಿಂಗ್ ಪ್ರೊಸೆಸ್’ ಎಂಬ ಐದು ಹೆಜ್ಜೆಗಳು. ರೋಗಿಯನ್ನು ನೋಡಿ ಕೇಳಿ ತಿಳಿಯುವುದು, ತೊಂದರೆ ಏನೆಂದು ಗುರುತಿಸುವುದು, ಏನು ಮಾಡಬೇಕೆಂದು ಯೋಜಿಸುವುದು, ಮಾಡುವುದು, ಫಲ ಸಿಕ್ಕಿತೇ ಎಂದು ಮತ್ತೆ ನೋಡುವುದು. ಇಂಗ್ಲಿಷಿನಲ್ಲಿ ಅಸೆಸ್‌ಮೆಂಟ್, ಡಯಾಗ್ನೋಸಿಸ್, ಪ್ಲಾನಿಂಗ್, ಇಂಪ್ಲಿಮೆಂಟೇಷನ್, ಇವ್ಯಾಲ್ಯುಯೇಷನ್. ಮೊದಲ ಹೆಜ್ಜೆಯಲ್ಲಿ ಎರಡು ಬಗೆಯ ಮಾಹಿತಿ ಬರೆಯಬೇಕು: ರೋಗಿ ತಾನೇ ಹೇಳಿದ್ದು, ನರ್ಸ್ ಕಂಡು ಅಳೆದದ್ದು.

ಆಯಾಸದ ಅಜ್ಜನಿಗೇ ಇದನ್ನು ಹೊಂದಿಸಿ ನೋಡೋಣ. ಅವನು ಹೇಳಿದ್ದು: ಉಸಿರು ಸಾಲುತ್ತಿಲ್ಲ. ನರ್ಸ್ ಅಳೆದದ್ದು: ನಿಮಿಷಕ್ಕೆ 28 ಉಸಿರು, ಮಾತಾಡುವಾಗ ನಡುನಡುವೆ ನಿಲ್ಲಿಸುತ್ತಾನೆ. ತೊಂದರೆ: ಉಸಿರಾಟ ಸಮರ್ಪಕವಾಗಿಲ್ಲ. ಮಾಡಿದ್ದು: ಹಾಸಿಗೆಯ ತಲೆಭಾಗ ಎತ್ತಿ ಕೂರಿಸಿದ್ದು (ಪುಸ್ತಕದಲ್ಲಿ ಇದಕ್ಕೆ ಫೌಲರ್ಸ್ ಪೊಸಿಷನ್ ಎಂಬ ಹೆಸರು), ಬಿಗಿ ಬಟ್ಟೆ ಸಡಿಲಿಸಿದ್ದು, ಕೂಡಲೇ ಹಿರಿಯ ನರ್ಸಿಗೆ, ಡಾಕ್ಟರಿಗೆ ತಿಳಿಸಿದ್ದು, ಅವರು ಹೇಳಿದಂತೆ ಆಕ್ಸಿಜನ್ ಕೊಟ್ಟದ್ದು. ಆಮೇಲೆ ಮತ್ತೆ ಎಣಿಸಿದ್ದು. ಇಷ್ಟನ್ನೂ ಸಮಯ ಹಾಕಿ ಬರೆದರೆ ಅದೇ ಪೂರ್ಣ ಅಂಕದ ಉತ್ತರ, ವಾರ್ಡಿನಲ್ಲಿ ಅದೇ ರೋಗಿಯ ದಾಖಲೆ. ಮೊದಲ ಸಾಲಿನಲ್ಲೇ ‘ರೋಗಿಗೆ ಸುಸ್ತು’ ಎಂದು ಬರೆದಿದ್ದರೆ ಉಳಿದ ನಾಲ್ಕು ಹೆಜ್ಜೆಗಳೂ ತಪ್ಪು ದಾರಿ ಹಿಡಿಯುತ್ತಿದ್ದವು. ಎರಡು ಭಾಷೆ ಬಲ್ಲ ನಮ್ಮ ಮಗು ಆ ಮೊದಲ ಸಾಲಿನಲ್ಲಿ ಮುಂದಿದೆ. ಜೋಮು, ವಾಕರಿಕೆ, ಎದೆಯುರಿ, ಹೊಟ್ಟೆ ತೊಳೆಸುವುದು ಇವಕ್ಕೆ ಪುಸ್ತಕದ ಹೆಸರು ಕಲಿಯುವುದಷ್ಟೇ ಬಾಕಿ.

ಕನ್ನಡ ಮಾಧ್ಯಮದ ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಬರವಣಿಗೆಯಲ್ಲಿ. ಗೊತ್ತಿದ್ದೂ ವಾಕ್ಯ ಕಟ್ಟಲಾರದೆ ಅರ್ಧ ಪುಟಕ್ಕೆ ನಿಲ್ಲುತ್ತಾರೆ. ಇದಕ್ಕೆ ದಾರಿ ಇದೆ. ಯಾವುದೇ ಕ್ರಮದ ಬಗ್ಗೆ ಕೇಳಿದರೂ ವ್ಯಾಖ್ಯೆ, ಉದ್ದೇಶ, ಬೇಕಾದ ಸಾಮಗ್ರಿ, ಮಾಡುವ ವಿಧಾನ, ನಂತರದ ಆರೈಕೆ, ದಾಖಲೆ ಎಂದು ಬರೆಯುತ್ತಾ ಹೋಗಬಹುದು. ವಿಧಾನವನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದರೆ ಸಾಕು. ದೊಡ್ಡ ವಾಕ್ಯಕ್ಕೆ ಹೆಚ್ಚು ಅಂಕವೇನೂ ಇಲ್ಲ. ದಿನಕ್ಕೊಂದು ಉತ್ತರ ಪುಸ್ತಕ ನೋಡದೆ ಬರೆಯುವ ಅಭ್ಯಾಸವನ್ನು ಮೊದಲ ತಿಂಗಳಿಂದಲೇ ಹಿಡಿಸಬೇಕು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಗೈಡ್ ಕೊಂಡುಕೊಟ್ಟು ಪ್ರಯೋಜನವಿಲ್ಲ.

ಲೆಕ್ಕದಲ್ಲಿ ಭಾಷೆಯ ತೊಡಕೂ ಇಲ್ಲ. ಗ್ಲೂಕೋಸ್ ಬಾಟಲಿ 500 ಮಿ.ಲೀ., ನಾಲ್ಕು ಗಂಟೆಯಲ್ಲಿ ಮುಗಿಯಬೇಕು, ಸೆಟ್ಟಿನ ಪೊಟ್ಟಣದ ಮೇಲೆ ಒಂದು ಮಿ.ಲೀ.ಗೆ 15 ಹನಿ ಎಂದಿದೆ. 500ನ್ನು 15ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 31 ಹನಿ. ಸಿರಪ್ಪಿನ 5 ಮಿ.ಲೀ.ನಲ್ಲಿ 125 ಮಿಲಿಗ್ರಾಂ ಔಷಧಿ ಇದೆ, ಡಾಕ್ಟರ್ ಬರೆದದ್ದು 200 ಮಿಲಿಗ್ರಾಂ. ಕೊಡಬೇಕಾದ್ದು 8 ಮಿ.ಲೀ. ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಕಲಿತ ಅನುಪಾತವೇ ಇದು. ಆದರೆ ಇಲ್ಲಿ ದಶಮಾಂಶ ಬಿಂದು ಒಂದು ಮನೆ ಜರುಗಿದರೆ ಔಷಧಿ ಹತ್ತು ಪಟ್ಟಾಗುತ್ತದೆ. ಅದಕ್ಕೇ ಸರಿಯಾದ ರೋಗಿ, ಸರಿಯಾದ ಔಷಧಿ, ಪ್ರಮಾಣ, ಮಾರ್ಗ, ಸಮಯ ಎಂಬ ಐದನ್ನು ಪ್ರತಿ ಸಲವೂ ನೋಡಬೇಕೆಂಬ ಕಟ್ಟುನಿಟ್ಟು.

ಇಂಗ್ಲಿಷ್ ಬಾರದ ತಾಯಿ ಇದರಲ್ಲಿ ಏನು ಮಾಡಬಲ್ಲಳು? ಬಹಳ ಮಾಡಬಲ್ಲಳು. ರಜೆಗೆ ಬಂದ ಮಗಳ ಮುಂದೆ ಕೈ ಚಾಚಿ, ‘ನನ್ನ ನಾಡಿ ನೋಡು, ಯಾಕೆ ಹಾಗೆ ಹಿಡಿದೆ ಹೇಳು’ ಅನ್ನಬಹುದು. ಕೈ ತೊಳೆದು ತೋರಿಸು ಅನ್ನಬಹುದು; ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಒಂದೂ ಬಿಡುವಂತಿಲ್ಲ. ಮಗಳು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅವಳಿಗೆ ಅರ್ಥವಾಗಿದೆ. ಇಂಗ್ಲಿಷಿನಲ್ಲಿ ಗಡಗಡ ಹೇಳಿ, ಕನ್ನಡದಲ್ಲಿ ಕೇಳಿದಾಗ ತಡವರಿಸಿದರೆ ಅದು ಬರೀ ಬಾಯಿಪಾಠ, ವೈವಾದಲ್ಲಿ ನಿಲ್ಲುವುದಿಲ್ಲ.

ಸೇರಿಸುವ ಮುನ್ನ

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಜಿಎನ್‌ಎಂಗೆ ಇಂಟರ್ ಅಥವಾ ಪಿಯುಸಿ ಯಾವ ವಿಭಾಗದಲ್ಲಾದರೂ ಇಂಗ್ಲಿಷ್ ಸಹಿತ ಕನಿಷ್ಠ ಶೇ 40 ಬೇಕು. ಬಿ.ಎಸ್ಸಿ.ಗೆ ಭೌತ, ರಸಾಯನ, ಜೀವಶಾಸ್ತ್ರ ಓದಿರಲೇಬೇಕು, ಸಾಮಾನ್ಯ ವರ್ಗಕ್ಕೆ ಶೇ 45. ವಯಸ್ಸು 17 ತುಂಬಿರಬೇಕು. ಮಗಳಿಗೆ ಬಿ.ಎಸ್ಸಿ. ಆಸೆ ಇದ್ದರೆ ಹತ್ತನೇ ತರಗತಿ ಮುಗಿದ ಕೂಡಲೇ ಬೈಪಿಸಿ ತೆಗೆದುಕೊಳ್ಳುವ ತೀರ್ಮಾನ ಆಗಬೇಕು, ಆಮೇಲೆ ತಿದ್ದಲಾಗುವುದಿಲ್ಲ.

ಕಾಲೇಜು ಬಳ್ಳಾರಿಯಲ್ಲಿರಲಿ, ಅನಂತಪುರದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಏಜೆಂಟರ ಮಾತಿಗೆ ಮುಂಗಡ ಕಟ್ಟಬೇಡಿ. ಆ ವರ್ಷಕ್ಕೆ ಆ ಕಾಲೇಜಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಮಕ್ಕಳು ತರಬೇತಿಗೆ ಹೋಗುವ ಆಸ್ಪತ್ರೆ ಯಾವುದು, ಅಲ್ಲಿ ನಿಜಕ್ಕೂ ರೋಗಿಗಳು ಇದ್ದಾರೆಯೇ ಎಂದು ಹೋಗಿ ನೋಡಿ. ಹಾಸಿಗೆಗಳೆಲ್ಲ ಖಾಲಿ ಇರುವ ಆಸ್ಪತ್ರೆಯಲ್ಲಿ ಫೌಂಡೇಷನ್ಸ್ ಕಲಿಯಲು ಆಗುವುದಿಲ್ಲ.

ಕರ್ನಾಟಕದ ಪ್ರವೇಶ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆಂದು ಅರ್ಹತೆಯ ಕಲಂ ಇದೆ. ಅದನ್ನು ಬಳಸಿಕೊಳ್ಳಲು ಯಾವ ತರಗತಿ ಯಾವ ಶಾಲೆಯಲ್ಲಿ ಓದಿದ್ದು ಎಂಬ ವ್ಯಾಸಂಗ ಪ್ರಮಾಣಪತ್ರ, ವಾಸಸ್ಥಳದ ದಾಖಲೆ ಬೇಕಾಗುತ್ತವೆ, ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಅರ್ಜಿ ಹಾಕುವ ವರ್ಷದ ಕೈಪಿಡಿ ನೋಡಿಕೊಂಡು, ಪ್ರಾಥಮಿಕ ಶಾಲೆಯ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಕೌನ್ಸೆಲಿಂಗಿನ ಹಿಂದಿನ ದಿನ ಶಾಲೆಗೆ ಓಡಿದರೆ ಬೀಗ ಹಾಕಿರಬಹುದು.