ಸೊರಗಿದ ಆಂಥೂರಿಯಂ ಗಿಡವನ್ನು ಎಸೆಯುವ ಮುನ್ನ

ಕಾಫಿ ಕೊಯ್ಲು, ಅಡಿಕೆ ಸುಲಿತ ಒಟ್ಟಿಗೇ ಬಂದಾಗ ಜಗುಲಿಯ ಹೂಕುಂಡಗಳ ಕಡೆ ನೋಡುವವರಿರುವುದಿಲ್ಲ. ಬಿಡುವಾಗುವಷ್ಟರಲ್ಲಿ ಆಂಥೂರಿಯಂ ಗಿಡ ಕೆಳಗಿನ ಎಲೆಗಳನ್ನೆಲ್ಲ ಉದುರಿಸಿಕೊಂಡು, ಬೋಳು ಕಾಂಡದ ತುದಿಯಲ್ಲಿ ನಾಲ್ಕೈದು ಎಲೆ ಹೊತ್ತು ವಾಲಿರುತ್ತದೆ. ಹೂವಂತೂ ಇರುವುದೇ ಇಲ್ಲ. ಇಂತಹ ಗಿಡವನ್ನು ಕೂಡಲೇ ಗೊಬ್ಬರದ ಗುಂಡಿಗೆ ಎಸೆಯಬೇಕಾಗಿಲ್ಲ.

ಇದರ ತವರು ಕೊಲಂಬಿಯಾ, ಈಕ್ವಡಾರ್ ದೇಶಗಳ ಮಳೆಕಾಡು. ಅಲ್ಲಿ ನಮ್ಮ ಸೀತಾಳೆದಂಡೆಯ ಹಾಗೆ ಮರದ ಮೇಲೂ ಬೆಳೆಯುತ್ತದೆ. ಆದುದರಿಂದ ಬೇರಿಗೆ ತೇವ ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ತೋಟದ ಮಣ್ಣನ್ನೇ ತುಂಬಿದ ಕುಂಡ ಮಳೆಗಾಲದಲ್ಲಿ ಕೆಸರಾಗಿ ಬೇರು ಕೊಳೆಯುತ್ತದೆ. ನಾವು ಕಂಡ ಮಟ್ಟಿಗೆ, ನೀರಿಲ್ಲದೆ ಒಣಗಿದವುಗಳಿಗಿಂತ ಹೀಗೆ ಉಸಿರುಕಟ್ಟಿ ಹೋದ ಗಿಡಗಳೇ ಹೆಚ್ಚು.

ಬೋಳು ಕಾಂಡವನ್ನು ಗಮನಿಸಿದರೆ ಗೆಣ್ಣುಗಳಿಂದ ಗಾಳಿಬೇರು ಹೊರಟಿರುವುದು ಕಾಣುತ್ತದೆ. ಮೂರು-ನಾಲ್ಕು ಬೇರು ತುದಿಯ ಭಾಗದಲ್ಲಿ ಉಳಿಯುವಂತೆ ಹರಿತವಾದ ಚಾಕುವಿನಿಂದ ಕತ್ತರಿಸಿ, ಅದನ್ನು ಬೇರೆ ಕುಂಡದಲ್ಲಿ ನೆಡಬೇಕು. ಜಡಿಮಳೆಯ ದಿನಗಳಲ್ಲಿ ಈ ಕೆಲಸ ಬೇಡ. ಕುಂಡಕ್ಕೆ ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಒಡೆದ ಹಂಚಿನ ಚೂರು ಸಾಕು. ಸಿಪ್ಪೆಯನ್ನು ಕೆಲವು ದಿನ ನೆನೆಸಿ, ನೀರು ಬದಲಿಸಿ, ಒಗರು ತೆಗೆದಿರಬೇಕು. ಉಳಿದ ಮೋಟನ್ನೂ ಕೀಳಬಾರದು. ಅದು ಗಟ್ಟಿಯಾಗಿದ್ದರೆ ನೆರಳಿನಲ್ಲಿಟ್ಟು ಹದವಾಗಿ ನೀರು ಕೊಟ್ಟಲ್ಲಿ ಗೆಣ್ಣುಗಳಿಂದ ಚಿಗುರು ಬರುತ್ತದೆ. ಒಂದು ಗಿಡ ಎರಡು ಮೂರಾಗುವುದು ಹೀಗೆಯೇ.

ಈ ಗಿಡದಲ್ಲಿ ಹೂವು ಎಲೆಯ ಕಂಕುಳಿನಿಂದ ಬರುವುದರಿಂದ ಹೊಸ ಎಲೆ ಬರುವ ತನಕ ಹೂವಿಗೆ ಅವಸರಪಡುವಂತಿಲ್ಲ. ಅವಸರಕ್ಕೆ ಕಾಫಿಗೆ ತಂದ ಗೊಬ್ಬರವನ್ನು ಒಂದು ಮುಷ್ಟಿ ಸುರಿಯುವವರಿದ್ದಾರೆ. ಬೇರು ಸುಡುವುದಕ್ಕೆ ಅಷ್ಟೇ ಸಾಕು. ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ 1 ಗ್ರಾಂನಂತೆ ಕೊಡಬಹುದು, ಅದೂ ಹೊಸ ಎಲೆ ಬಿಚ್ಚಿದ ಮೇಲೆ.

ಆದರೆ ಉಳಿಸಲೇಬಾರದ ಗಿಡವೂ ಒಂದಿದೆ. ಎಲೆಯಂಚಿನಲ್ಲಿ ನೀರು ನೆನೆದಂತಹ ಮಚ್ಚೆ, ಸುತ್ತ ಹಳದಿ, ತೊಟ್ಟು ಹಿಡಿದೆಳೆದರೆ ಸುಲಭವಾಗಿ ಕಿತ್ತುಬರುವುದು, ಇವು ದುಂಡಾಣು ಅಂಗಮಾರಿಯ ಲಕ್ಷಣಗಳು. 1980ರ ದಶಕದಲ್ಲಿ ಹವಾಯಿ ದ್ವೀಪಗಳ ಎಷ್ಟೋ ಸಣ್ಣ ಬೆಳೆಗಾರರು ಈ ರೋಗದಿಂದಲೇ ಆಂಥೂರಿಯಂ ಕೃಷಿ ಬಿಡಬೇಕಾಯಿತು. ಅಡಿಕೆಗೆ ಹೊಡೆದು ಮಿಕ್ಕ ಬೋರ್ಡೋ ದ್ರಾವಣ ಇಲ್ಲಿ ಕೆಲಸಕ್ಕೆ ಬಾರದು. ಅದರಲ್ಲಿನ ತಾಮ್ರದಿಂದ ಈ ಗಿಡವೇ ಸುಡುವುದುಂಟು. ರೋಗ ಹರಡುವುದು ಸಿಡಿಯುವ ನೀರಿನಿಂದ, ಮತ್ತು ನಮ್ಮ ಚಾಕುವಿನಿಂದ. ಮನೆಯ ಹೆಂಗಸರು ನೆರಳುಬಲೆಯ ಕೆಳಗೆ ಮಾರಾಟಕ್ಕೆಂದು ಹೂವು ಬೆಳೆಸುತ್ತಿದ್ದಲ್ಲಿ, ಇಂತಹ ಗಿಡವನ್ನು ಕುಂಡದ ಸಿಪ್ಪೆಸಮೇತ ಸುಟ್ಟುಬಿಡಬೇಕು. ಪ್ರತಿ ಗಿಡ ಕತ್ತರಿಸಿದ ಮೇಲೂ ಚಾಕುವಿನ ಅಲಗನ್ನು ಬೆಂಕಿಯಲ್ಲಿ ಕಾಯಿಸಿ, ಆರಿದ ಮೇಲೆ ಮುಂದಿನ ಗಿಡಕ್ಕೆ ಹಚ್ಚತಕ್ಕದ್ದು.