ಅರಣ್ಯರೋದನದ ಬೆಲೆ

ಅರಣ್ಯರೋದನವೆಂದರೆ ಕೇಳುವವರಿಲ್ಲದೆಡೆ ಇಟ್ಟ ಮೊರೆ, ಆದ್ದರಿಂದ ವ್ಯರ್ಥವೆಂದು ತರಗತಿಗಳಲ್ಲಿ ಬಹುಕಾಲ ಹೇಳಿಕೊಂಡು ಬಂದವನು ನಾನು. ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಅಲಾಸ್ಕದ ಕಾಡುಬೆಟ್ಟಗಳಿಗೆ ಹೊರಟುನಿಂತು, ‘ಉಪಗ್ರಹದ ಮೂಲಕ ನೆರವು ಕೋರುವ ಉಪಕರಣಕ್ಕೆ ಹಣ ತೆರುವುದು ಉಚಿತವೇ?’ ಎಂದು ಬರೆದು ಕೇಳಿದ. ಆ ಪದದ ಅರ್ಥವನ್ನು ನಾನು ಮತ್ತೆ ಪರಿಶೀಲಿಸಬೇಕಾಯಿತು.

1972ರ ಅಕ್ಟೋಬರ್‌ನಲ್ಲಿ ಅದೇ ಅಲಾಸ್ಕದಲ್ಲಿ, ಅಮೆರಿಕದ ಸಂಸತ್ತಿನ ಇಬ್ಬರು ಸದಸ್ಯರಿದ್ದ ಚಿಕ್ಕ ವಿಮಾನವೊಂದು ಕಣ್ಮರೆಯಾಯಿತು. 39 ದಿನಗಳ ಶೋಧವೂ ನಿಷ್ಫಲವಾಯಿತು. ಕಳೆದುಹೋದವರ ಕೂಗು ತಾನಾಗಿಯೇ ಆಕಾಶಕ್ಕೆ ಮುಟ್ಟಬೇಕೆಂಬ ವಿಚಾರ ಇಂಥ ದುರಂತಗಳಿಂದ ಬಲಿಯಿತು. ಶೀತಲ ಸಮರದ ನಡುವೆಯೇ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಕೂಡಿ ಕೋಸ್ಪಾಸ್-ಸಾರ್ಸಾಟ್ ವ್ಯವಸ್ಥೆಯನ್ನು ಕಟ್ಟಿದವು. 1982ರಲ್ಲಿ ಅದರ ಮೊದಲ ಉಪಗ್ರಹ ಮೇಲೇರಿತು. ಆ ಸೆಪ್ಟೆಂಬರ್‌ನಲ್ಲೇ ಕೆನಡಾದ ಬೆಟ್ಟಗಳಲ್ಲಿ ವಿಮಾನ ಬಿದ್ದು ಸಿಲುಕಿದ್ದ ಮೂವರು ಬದುಕಿದರು. ಭಾರತವೂ ಇದರಲ್ಲಿ ಪಾಲುದಾರ. ನಮ್ಮ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನಲ್ಲಿ.

ಈ ವ್ಯವಸ್ಥೆಯ ಬೀಕನ್ನನ್ನು ಒಮ್ಮೆ ಕೊಂಡರೆ ತಿಂಗಳ ಶುಲ್ಕವಿಲ್ಲ. ಅದು 406 ಮೆಗಾಹರ್ಟ್ಸ್ ಅಲೆಗಳಲ್ಲಿ ತನ್ನ ಗುರುತನ್ನು ಸಾರುತ್ತದೆ, ಕೂಗಬಲ್ಲುದು, ಸಂಭಾಷಿಸಲಾರದು. ಖಾಸಗಿ ಕಂಪನಿಗಳ ಸಂದೇಶವಾಹಕಗಳಾದರೋ ಎರಡೂ ಕಡೆಯ ಮಾತನ್ನು ಒಯ್ಯುತ್ತವೆ. ಕಾಲು ಮುರಿದಿದೆಯೋ, ದಾರಿ ತಪ್ಪಿದೆಯೋ ತಿಳಿಸಬಹುದು. ನೆರವು ಹೊರಟಿತೆಂಬ ಉತ್ತರವನ್ನೂ ಪಡೆಯಬಹುದು. ಆದರೆ ಅವಕ್ಕೆ ಸಾಮಾನ್ಯವಾಗಿ ಚಂದಾ ತೆರಬೇಕು. ಚಂದಾ ತಪ್ಪಿದರೆ ಉಪಕರಣ ಮೂಕವಾದೀತು.

ಮೊರೆ ಮುಟ್ಟಿಸುವ ಖರ್ಚೇ ಬೇರೆ, ಹೆಲಿಕಾಪ್ಟರ್ ಕಳುಹಿಸುವ ಖರ್ಚೇ ಬೇರೆ ಎಂಬುದನ್ನು ಮರೆಯಬಾರದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳು ರಕ್ಷಣಾಕಾರ್ಯಕ್ಕೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ನ್ಯೂ ಹ್ಯಾಂಪ್‌ಶೈರ್ ರಾಜ್ಯ ಅಜಾಗರೂಕರಿಂದ ವೆಚ್ಚ ವಸೂಲು ಮಾಡಬಲ್ಲುದು. 2015ರಿಂದ ಚಾರಣಿಗರಿಗೆ ಅಲ್ಲಿ ಸ್ವಯಂಪ್ರೇರಿತ ಸುರಕ್ಷಾ ಕಾರ್ಡನ್ನೂ ಮಾರುತ್ತಿದ್ದಾರೆ. ದಂಡದ ಭಯವಿದ್ದರೆ ಜನ ಎಚ್ಚರದಿಂದ ನಡೆಯುವರೆಂಬುದು ಒಂದು ವಾದ. ಬಿಲ್ಲಿಗೆ ಹೆದರಿದವನು ಗುಂಡಿ ಒತ್ತಲು ತಡಮಾಡಿ, ಕತ್ತಲಾದ ಮೇಲೆ ಕೂಗಿದರೆ ರಕ್ಷಕರ ಪ್ರಾಣವೂ ಅಪಾಯಕ್ಕೊಳಗಾಗುವುದೆಂಬುದು ಇನ್ನೊಂದು. ನನಗೆ ಎರಡನೆಯದೇ ಸರಿಯೆನಿಸುತ್ತದೆ. ಹಣದ ಲೆಕ್ಕವೆಲ್ಲ ಮನೆಯ ಹೊಸ್ತಿಲು ದಾಟುವ ಮುನ್ನ ಮುಗಿಯಬೇಕು. ಕಂದರದಲ್ಲಿ ಬಿದ್ದವನು ಗಣಿತ ಮಾಡುವಂತಾಗಬಾರದು.

ಆತನಿಗೆ ಹಾಗೆಂದೇ ಬರೆದೆ. ನಮ್ಮ ಹಿಮಾಲಯಕ್ಕೆ ಬರುವಾಗ ಮಾತ್ರ, ಸರ್ಕಾರದ ಪೂರ್ವಾನುಮತಿಯಿಲ್ಲದೆ ಉಪಗ್ರಹ ಫೋನನ್ನಾಗಲಿ ಸಂದೇಶವಾಹಕವನ್ನಾಗಲಿ ತರಬೇಡವೆಂದೂ ಎಚ್ಚರಿಸಿದೆ. ತೆತ್ತ ಹಣ ಉಪಯೋಗಕ್ಕೆ ಬಾರದೆ ಆತ ಸುಖವಾಗಿ ಹಿಂದಿರುಗಲಿ ಎಂಬುದೇ ನನ್ನ ಹಾರೈಕೆ.